ತಂತಿ ಇರುವ ಕಾಲರ್ ಐಡಿ ಫೋನ್: ಊರಿನ ಪತ್ರಿಕೆಯ ಡೆಸ್ಕಿನಿಂದ ಒಂದು ವಿಮರ್ಶೆ

ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ನಾನು ಉಪಸಂಪಾದಕಿ. ಜಿಲ್ಲೆಯೊಳಗೇ ಓಡಾಡುವ ಪತ್ರಿಕೆ ನಮ್ಮದು. ಪುಟ ಕಟ್ಟುವುದು ನನ್ನ ಕೆಲಸ. ಡೆಸ್ಕಿಗೆ ಬರುವ ಫೋನ್ ಎತ್ತುವುದೂ ಹೆಚ್ಚಾಗಿ ನಾನೇ. ಹಳೇ ಫೋನಿನ ರಿಸೀವರಿನಲ್ಲಿ ಗರಗರ ಸದ್ದು ಶುರುವಾದ ಮೇಲೆ ನೆಹರೂ ರಸ್ತೆಯ ಅಂಗಡಿಯೊಂದರಿಂದ ಹೊಸದು ತಂದೆವು. ತಂತಿ ಇರುವ ಮಾಮೂಲಿ ಫೋನು. ನಂಬರ್ ತೋರಿಸುವ ಸಣ್ಣ ಪರದೆ, ಬಂದ ಕರೆಗಳ ಪಟ್ಟಿ, ಸ್ಪೀಕರ್, ಮ್ಯೂಟ್, ಹೋಲ್ಡ್, ರೀಡಯಲ್ ಇವೆ. ಬೆಲೆ ಸಾವಿರ ರೂಪಾಯಿಯ ಮೇಲೆ ಸ್ವಲ್ಪ. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಬೆಲೆಗೆ ಸಿಗುವ ಎಲ್ಲ ಫೋನುಗಳಲ್ಲೂ ಇರುವುದು ಹೆಚ್ಚು ಕಡಿಮೆ ಇಷ್ಟೇ.

ಇಂಥ ಫೋನಿನ ಬಗ್ಗೆ ಬರೆಯುವವರು ಹೆಚ್ಚಾಗಿ ಮನೆಗೆ ತಂದವರು. ನಮ್ಮ ಬಳಕೆ ಬೇರೆ. ಪತ್ರಿಕೆಗೆ ಫೋನ್ ಮಾಡುವವರಲ್ಲಿ ಸಿಟ್ಟಿನಲ್ಲಿ ಮಾಡುವವರು ಜಾಸ್ತಿ. ಅಳುತ್ತಾ ಮಾಡುವವರಿದ್ದಾರೆ. ಕುಡಿದು ಮಾಡುವವರಿದ್ದಾರೆ. ಹೆದರಿಸಲೆಂದೇ ಮಾಡುವವರೂ ಇದ್ದಾರೆ. ಇಷ್ಟನ್ನೂ ತಾಳಿಕೊಂಡು ಮರುದಿನದ ಪುಟ ಬಿಡಬೇಕಾದ ಟೇಬಲ್ಲಿಗೆ ಈ ಫೋನ್ ಸರಿಯಾ? ನಾನು ಹೇಳಬೇಕಿರುವುದು ಅದನ್ನೇ.

ಮೊದಲು ಬಂದ ಕರೆಗಳ ಪಟ್ಟಿಯ ವಿಷಯ. ನನ್ನ ಮಟ್ಟಿಗೆ ಕೊಟ್ಟ ದುಡ್ಡೆಲ್ಲ ಇದಕ್ಕೇ ಸಂದಿದೆ. ನಮ್ಮ ಡೆಸ್ಕ್ ತೆರೆಯುವುದು ಮಧ್ಯಾಹ್ನದ ಹೊತ್ತಿಗೆ. ಪತ್ರಿಕೆ ಮನೆ ಸೇರುವುದು ಬೆಳಗ್ಗೆ ಆರಕ್ಕೆ. ಆರರಿಂದ ಹತ್ತರವರೆಗೆ ಓದುಗರ ಸಿಟ್ಟು ಬಿಸಿಯಾಗಿರುತ್ತದೆ, ಆಗ ಫೋನ್ ಎತ್ತಲು ಇಲ್ಲಿ ಯಾರೂ ಇರುವುದಿಲ್ಲ. ಮೊದಲೆಲ್ಲ ಆ ಕರೆಗಳು ಸುಮ್ನೆ ಬಂದು ಹೋಗುತ್ತಿದ್ದವು. "ಹತ್ತು ಸಲ ಮಾಡಿದೆ, ಎತ್ತಲೇ ಇಲ್ಲ" ಎಂದು ಸಂಜೆ ಮತ್ತೆ ಮಾಡಿ ಬೈಯುವವರ ದೂರು ಅಷ್ಟರಲ್ಲಿ ಎರಡಾಗಿರುತ್ತಿತ್ತು. ಈಗ ಬಂದ ಕೂಡಲೇ ಪಟ್ಟಿ ನೋಡುತ್ತೇನೆ. ಒಂದೇ ನಂಬರ್ ನಾಲ್ಕೈದು ಸಲ ಇದ್ದರೆ ಮೊದಲು ಅವರಿಗೇ ವಾಪಸ್ ಮಾಡುತ್ತೇನೆ. "ಪತ್ರಿಕೆ ಆಫೀಸಿಂದ ಮಾತಾಡ್ತಿದೀನಿ, ಬೆಳಗ್ಗೆ ಫೋನ್ ಮಾಡಿದ್ರಲ್ಲ" ಅಂದರೆ ಸಾಕು, ಎಷ್ಟೋ ಜನರ ದನಿ ಅಲ್ಲೇ ಇಳಿಯುತ್ತದೆ. ಪತ್ರಿಕೆಯವರೇ ವಾಪಸ್ ಫೋನ್ ಮಾಡುತ್ತಾರೆ ಎಂದು ಅವರು ಎಣಿಸಿರುವುದೇ ಇಲ್ಲ.

ಹೀಗೆ ವಾಪಸ್ ಮಾಡಿದಾಗ ಗೊತ್ತಾಗುವ ವಿಷಯಗಳಲ್ಲಿ ಅರ್ಧದಷ್ಟು ಡೆಸ್ಕಿಗೆ ಸಂಬಂಧಿಸಿದ್ದೇ ಅಲ್ಲ. ಪೇಪರ್ ಬಂದಿಲ್ಲ, ಮಳೆಗೆ ನೆನೆದು ಬಂದಿದೆ ಎನ್ನುವವರ ವಿಳಾಸ ಬರೆದುಕೊಂಡು, ಪತ್ರಿಕೆ ಹಂಚುವುದನ್ನು ನೋಡಿಕೊಳ್ಳುವ ಸರ್ಕ್ಯುಲೇಷನ್ ವಿಭಾಗಕ್ಕೆ ಕೊಡುತ್ತೇನೆ. ಕರೆಂಟ್ ಯಾವಾಗ ಬರುತ್ತೆ ಎಂದು ನಮ್ಮನ್ನು ಕೇಳುವವರೂ ಇದ್ದಾರೆ. ವಿದ್ಯುತ್ ವ್ಯತ್ಯಯದ ಪ್ರಕಟಣೆ ಹಾಕುವವರು ನಾವು ತಾನೇ ಎನ್ನುವುದು ಅವರ ಲೆಕ್ಕ. ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ ಮಾಡಿ ಎಂದು ಹೇಳುತ್ತೇನೆ, ಬೇಸರವಿಲ್ಲ. ಊರಿನ ಪತ್ರಿಕೆ ಅಂದಮೇಲೆ ಜನ ಎಲ್ಲದಕ್ಕೂ ಕೇಳುತ್ತಾರೆ. ಕೇಳಲಿ.

ಕಷ್ಟದ ಕರೆ ಎಂದರೆ ಎಂಥದು ಎನ್ನುವುದಕ್ಕೆ ಒಂದನ್ನು ವಿವರವಾಗಿ ಹೇಳುತ್ತೇನೆ. ನಿಧನ ವಾರ್ತೆಯ ಕಾಲಂನಲ್ಲಿ ಒಂದರ ಕೆಳಗೊಂದು ಇಬ್ಬರು ಹಿರಿಯರ ಸುದ್ದಿ ಇತ್ತು. ಇಬ್ಬರಿಗೂ ಬಿಳಿ ಕೂದಲು, ಇಬ್ಬರ ಹೆಗಲ ಮೇಲೂ ಶಾಲು. ಫೋಟೋ ಅದಲು ಬದಲಾಗಿತ್ತು. ನಾನು ಬಂದು ಬ್ಯಾಗ್ ಇಡುವುದರೊಳಗೆ ಫೋನ್ ಹೊಡೆಯಿತು. ತೀರ್ಥಹಳ್ಳಿ ಕಡೆಯ ಮಾತು.

"ಎಂತ ಹಾಕಿದೀರಿ ಮಾರಾಯ್ರೆ ನೀವು? ನಮ್ಮಪ್ಪನ ಹೆಸರಿನ ಮೇಲೆ ಯಾರದ್ದೋ ಮುಖ! ನಿಮಗೆ ಮನೇಲಿ ಅಪ್ಪ ಅಮ್ಮ ಇಲ್ವಾ?"

ನಾನು ಮಧ್ಯೆ ಬಾಯಿ ಹಾಕಲಿಲ್ಲ. ವರದಿಗಾರರು ಯಾರು, ಫೋಟೋ ಕಳಿಸಿದ್ದು ಯಾರು ಎಂದು ಆ ಹೊತ್ತಿನಲ್ಲಿ ಕೇಳಬಾರದು. ತಪ್ಪನ್ನು ಅವರ ತಲೆಗೇ ಕಟ್ಟಲು ನೋಡುತ್ತಿದ್ದೇವೆ ಅನ್ನಿಸುತ್ತದೆ. ಅವರು ಹೇಳುತ್ತಾ ಹೋದರು. ಆಸ್ಪತ್ರೆಯ ವಿಷಯ ಬಂತು, ಬೆಂಗಳೂರಿನಿಂದ ತಮ್ಮ ಬರುವುದು ತಡವಾದ ವಿಷಯ ಬಂತು. ಆಮೇಲೆ ಮಾತು ನಿಂತಿತು, ಫೋನ್ ಇಟ್ಟುಬಿಟ್ಟರು. ಹೆಸರೂ ಹೇಳಿರಲಿಲ್ಲ, ಊರೂ ಹೇಳಿರಲಿಲ್ಲ.

ಹಳೇ ಫೋನಾಗಿದ್ದರೆ ಅಲ್ಲಿಗೆ ದಾರಿ ಮುಚ್ಚುತ್ತಿತ್ತು. ಪರದೆಯ ಮೇಲೆ ನಂಬರ್ ಇತ್ತು, ಬರೆದುಕೊಂಡೆ. ಅರೆಕಾಲಿಕ ವರದಿಗಾರರು ವಾಟ್ಸಾಪಿನಲ್ಲಿ ಕಳಿಸಿದ್ದ ಮೂಲ ಫೋಟೋ ತೆಗೆಸಿ ನೋಡಿದೆವು. ಕಳಿಸಿದ್ದು ಸರಿಯಾಗಿತ್ತು, ಪುಟದಲ್ಲಿ ತಿರುವುಮುರುವಾಗಿತ್ತು. ವಾಪಸ್ ಮಾಡಿದಾಗ ಎತ್ತಿದ್ದು ಅವರ ಅಕ್ಕ. ತಪ್ಪು ನಮ್ಮದೇ ಎಂದು ಮೊದಲ ಮಾತಿನಲ್ಲೇ ಹೇಳಿದೆ. ಅವರು ಕೇಳಿದ್ದು ಇಷ್ಟೇ: "ಮೂಲೇಲಿ ಎರಡು ಸಾಲು ಹಾಕಿ ಕೈ ತೊಳ್ಕೋಬೇಡಿ ತಂಗಿ. ಉತ್ತರಕ್ರಿಯೆ ಯಾವತ್ತು ಅಂತ ನೆಂಟರು ನೋಡೋದು ಅದರಲ್ಲೇ."

ಮರುದಿನ ಎರಡೂ ಸುದ್ದಿಗಳನ್ನು ಅದೇ ಪುಟದಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಫೋಟೋದೊಂದಿಗೆ ಪೂರ್ತಿ ಮತ್ತೆ ಹಾಕಿದೆವು. ಮೇಲೆ ಒಂದು ಸಾಲಿನ ವಿಷಾದ. ಇನ್ನೊಂದು ಕುಟುಂಬ ನಮಗೆ ಫೋನೇ ಮಾಡಿರಲಿಲ್ಲ. ಅವರಿಗೆ ನಾವೇ ಮಾಡಿ ತಿಳಿಸಿದೆವು. ಫೋನ್ ಮಾಡಿ ಬೈಯುವವರ ಹಿಂದೆ, ಬೈಯಲೂ ಮನಸ್ಸಿಲ್ಲದೆ ಸುಮ್ಮನಾದವರು ಇರುತ್ತಾರೆ ಎನ್ನುವುದನ್ನು ಡೆಸ್ಕಿನವರು ಮರೆಯಬಾರದು.

ಇನ್ನು ಮ್ಯೂಟ್ ಗುಂಡಿ. ಇದು ತುಂಬ ಒಳ್ಳೆಯದು, ರಿಸೀವರ್ ಹಿಡಿದ ಕೈಗೇ ಸಿಗುವ ಜಾಗದಲ್ಲಿದೆ. ಕರೆ ಮಾಡಿದವರು ಮಾತಾಡುತ್ತಿರುವಾಗಲೇ ಪಕ್ಕದವರನ್ನು "ನಿನ್ನೆ ಸೊರಬದ ಸುದ್ದಿ ಯಾರದು?" ಎಂದು ಕೇಳಬಹುದು. ಹೋಲ್ಡ್ ಗುಂಡಿಯನ್ನು ಮಾತ್ರ ಮುಟ್ಟಬೇಡಿ. ಅದು ಸಂಗೀತ ಹಾಕುತ್ತದೆ. ಸಿಟ್ಟಿನಲ್ಲಿರುವವರ ಕಿವಿಗೆ ಟಿಂಟಿಣಿ ರಾಗ ಬಿದ್ದರೆ ಸಿಟ್ಟು ಇನ್ನೂ ಏರುತ್ತದೆ. ಸಾವಿನ ಮನೆಯವರಿಗೆ ಅದನ್ನು ಕೇಳಿಸುವುದಂತೂ ಅನ್ಯಾಯ. ಸಂಗೀತ ನಿಲ್ಲಿಸುವ ಸೌಲಭ್ಯ ನಮ್ಮ ಫೋನಿನಲ್ಲಿ ಇಲ್ಲ. ಕೊಳ್ಳುವಾಗ ಇದನ್ನು ಕೇಳಿ ನೋಡಿ.

ಸ್ಪೀಕರ್ ಚೆನ್ನಾಗಿದೆ, ಜೋರಾಗಿ ಕೇಳುತ್ತದೆ. ಆದರೆ ನಾವು ಬಳಸುವುದಿಲ್ಲ. ಡೆಸ್ಕಿನಲ್ಲಿ ಯಾರು ಯಾರೋ ಕೂತಿರುತ್ತಾರೆ. ಜಾಹೀರಾತು ಕೊಡಲು ಬಂದವರು, ಪ್ರೆಸ್ ನೋಟ್ ತಂದವರು, ಟೀ ಹುಡುಗ. ಫೋನಿನಲ್ಲಿ ಬರುವ ಮಾತು ಅವರ ಕಿವಿಗೆ ಬೀಳಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದ ಪ್ರಕರಣದ ಸುದ್ದಿ ಓದಿ ಅದೇ ಮನೆಯವರು ಫೋನ್ ಮಾಡುತ್ತಾರೆ. ಹೆಸರು ಹಾಕಿರುವುದಿಲ್ಲ, ಆದರೂ "ಶಾಲೆ ಹೆಸರು ಬರೆದಿದೀರಿ, ಊರಿಗೆಲ್ಲ ಗೊತ್ತಾಯ್ತು" ಎನ್ನುತ್ತಾರೆ. ಅವರ ಮಾತು ಪೂರ್ತಿ ನಿಜ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರನ್ನು ಮಾತ್ರ ಬೇಡ ಎನ್ನುವುದಿಲ್ಲ. ವಿಳಾಸ, ಫೋಟೋ, ಶಾಲೆ, ಮನೆಯವರ ವಿವರ, ನೆರೆಹೊರೆ, ಮಗು ಯಾರೆಂದು ಗುರುತು ಹಿಡಿಯಬಹುದಾದ ಯಾವ ವಿವರವೂ ಬೇಡ ಎನ್ನುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಮುಚ್ಚಿಡಬೇಕು ಎನ್ನುವುದು ಹಿಂದೆ ಭಾರತೀಯ ದಂಡ ಸಂಹಿತೆಯ (ಐಪಿಸಿ) 228ಎ, ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಇಂಥ ಕರೆ ಬಂದರೆ ವಾದಕ್ಕೆ ಇಳಿಯುವ ಮಾತೇ ಇಲ್ಲ. ವೆಬ್‌ಸೈಟಿನಲ್ಲಿ ಆ ಸಾಲು ಇದ್ದರೆ ಫೋನ್ ಇಡುವುದರೊಳಗೆ ತೆಗೆಸಬೇಕು.

ಆತ್ಮಹತ್ಯೆಯ ಸುದ್ದಿಗೂ ಹೀಗೇ. "ಹೇಗೆ ಸತ್ತ ಅಂತ ಯಾಕೆ ಬರೆದ್ರಿ?" ಎಂದು ಕೇಳುವ ಅಣ್ಣ ತಮ್ಮಂದಿರು ಇದ್ದಾರೆ. ಭಾರತೀಯ ಪತ್ರಿಕಾ ಮಂಡಳಿ (ಪ್ರೆಸ್ ಕೌನ್ಸಿಲ್) 2019ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಕೊಟ್ಟಿದೆ. ಯಾವ ವಿಧಾನ, ಯಾವ ಜಾಗ ಎಂದು ಬಿಡಿಸಿ ಬರೆಯಬೇಡಿ, ತಲೆಬರಹದಲ್ಲಿ ರೋಚಕತೆ ಬೇಡ, ಫೋಟೋ ಬೇಡ ಎಂದು ಅದರಲ್ಲಿದೆ. ಆ ಅಣ್ಣ ಕೇಳಿದ್ದೂ ಅದನ್ನೇ ಅಲ್ವಾ? ಕೆಲವೊಮ್ಮೆ ಕರೆ ಮಾಡಿದವರೇ ಬದುಕು ಸಾಕಾಗಿದೆ ಎನ್ನುವ ದನಿಯಲ್ಲಿ ಮಾತಾಡುತ್ತಾರೆ. ಅಂಥವರಿಗೆ ಕೊಡಲು ಟೆಲಿ ಮಾನಸ್ ಸಹಾಯವಾಣಿ 14416ನ್ನು ಫೋನಿನ ಪಕ್ಕದಲ್ಲೇ ದೊಡ್ಡದಾಗಿ ಬರೆದು ಅಂಟಿಸಿದ್ದೇವೆ.

ಈಗ ಬೈಗುಳದ ಕರೆಗಳು. ರಾತ್ರಿ ಎಂಟರ ಮೇಲೆ, ಸರಿಯಾಗಿ ಪುಟ ಬಿಡುವ ಹೊತ್ತಿಗೆ ಬರುತ್ತವೆ. ಹೆಂಗಸಿನ ದನಿ ಕೇಳಿದರೆ ಕೆಲವರ ಮಾತು ಬೇರೆಯೇ ದಾರಿ ಹಿಡಿಯುತ್ತದೆ. ನಾನು ಮಾಡುವುದು ಇಷ್ಟು. ದೂರು ಏನಿದೆ ಹೇಳಿ ಎಂದು ಒಂದು ಸಲ ಕೇಳುತ್ತೇನೆ. ಮತ್ತೆ ಅದೇ ಭಾಷೆ ಬಂದರೆ ಪರದೆಯಲ್ಲಿರುವ ನಂಬರಿನ ಕೊನೆಯ ನಾಲ್ಕು ಅಂಕಿ ಓದಿ ಹೇಳಿ, "ಇದನ್ನು ಬರೆದುಕೊಂಡಿದ್ದೇನೆ, ಫೋನ್ ಇಡ್ತೀನಿ" ಎಂದು ಇಟ್ಟುಬಿಡುತ್ತೇನೆ. ಬಹಳಷ್ಟು ಸಲ ಅಲ್ಲಿಗೇ ಮುಗಿಯುತ್ತದೆ. ಕೈ ಕಾಲು ಮುರಿಯುತ್ತೇವೆ, ವರದಿಗಾರನ ಮನೆ ಗೊತ್ತು ಎನ್ನುವ ಕರೆಗಳನ್ನು ಮಾತ್ರ ನಗುತ್ತಾ ಬಿಡಬಾರದು. ನಂಬರ್, ಸಮಯ, ಆಡಿದ ಮಾತು ಬರೆದು ಸಂಪಾದಕರ ಸಹಿ ಹಾಕಿಸಿ ಠಾಣೆಗೆ ಕೊಡಬೇಕು. ತಾಲ್ಲೂಕುಗಳಲ್ಲಿ ಒಬ್ಬೊಬ್ಬರೇ ಬೈಕಿನಲ್ಲಿ ಓಡಾಡುವ ವರದಿಗಾರರ ಬೆನ್ನಿಗೆ ಡೆಸ್ಕ್ ನಿಲ್ಲದಿದ್ದರೆ ಇನ್ಯಾರು ನಿಲ್ಲುತ್ತಾರೆ?

ಬಂದ ಕರೆಗಳ ಪಟ್ಟಿಯ ಒಂದು ದೊಡ್ಡ ಕೊರತೆಯನ್ನೂ ಹೇಳಬೇಕು. ಅದಕ್ಕೆ ಬೀಗವಿಲ್ಲ. ಬಾಣದ ಗುಂಡಿ ಒತ್ತಿದರೆ ಯಾರು ಬೇಕಾದರೂ ಬಂದ ನಂಬರುಗಳನ್ನು ನೋಡಬಹುದು. ಮರಳು ಸಾಗಿಸುವ ಲಾರಿಗಳ ಬಗ್ಗೆಯೋ, ಕಚೇರಿಯೊಂದರ ಲಂಚದ ಬಗ್ಗೆಯೋ "ನನ್ನ ಹೆಸರು ಬರಬಾರದು ಮೇಡಂ" ಎಂದು ಗುಟ್ಟಾಗಿ ತಿಳಿಸಿದವರ ನಂಬರೂ ಅಲ್ಲೇ ಇರುತ್ತದೆ. ನಮ್ಮನ್ನು ನಂಬಿ ಮಾತಾಡಿದವರು ಅವರು. ಹಾಗಾಗಿ ಅಂಥ ಕರೆ ಮುಗಿದ ಕೂಡಲೇ ಆ ನಂಬರನ್ನು ಅಳಿಸುತ್ತೇನೆ. ರಾತ್ರಿ ಹೊರಡುವ ಮುಂಚೆ ಉಳಿದ ಪಟ್ಟಿಯನ್ನೂ ಖಾಲಿ ಮಾಡುತ್ತೇನೆ. ಒಂದೊಂದೇ ನಂಬರ್ ಅಳಿಸಲು ಡಿಲೀಟ್ ಗುಂಡಿ ಒಂದು ಸಲ, ಎಲ್ಲವನ್ನೂ ಅಳಿಸಲು ಒತ್ತಿ ಹಿಡಿಯಬೇಕು. ಇದನ್ನು ಡೆಸ್ಕಿನ ಎಲ್ಲರಿಗೂ ಕಲಿಸಿಡಿ.

ಕರೆ ರೆಕಾರ್ಡ್ ಮಾಡುವ ಸೌಲಭ್ಯ ಇದರಲ್ಲಿಲ್ಲ. ಇಲ್ಲದಿರುವುದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ರೆಕಾರ್ಡ್ ಆಗುತ್ತಿದೆ ಎಂದು ಗೊತ್ತಾದರೆ ನಿಜವಾದ ದೂರು ಇರುವವರು ಬಾಯಿ ಬಿಡುವುದಿಲ್ಲ. ನಾವು ಫೋನಿನ ಪಕ್ಕ ಒಂದು ಉದ್ದನೆಯ ರಿಜಿಸ್ಟರ್ ಇಟ್ಟಿದ್ದೇವೆ. ತಾರೀಕು, ಸಮಯ, ಯಾವ ದಿನದ ಯಾವ ಪುಟ, ಏನು ತಪ್ಪು, ಏನಿರಬೇಕಿತ್ತು, ನಾವೇನು ಮಾಡಿದೆವು. ಬರೆದದ್ದನ್ನು ಅವರಿಗೇ ಓದಿ ಹೇಳುವುದು ಮುಖ್ಯ. ಅಂಕಿಗಳಿದ್ದರಂತೂ ಓದಲೇಬೇಕು.

ನಮ್ಮ ಜಿಲ್ಲೆಯಲ್ಲಿ ಅಂಕಿಯ ತಪ್ಪಿಗೆ ಬರುವಷ್ಟು ಕರೆ ರಾಜಕೀಯದ ಸುದ್ದಿಗೂ ಬರುವುದಿಲ್ಲ. ಮಳೆಗಾಲದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ ಹಾಕುತ್ತೇವೆ. ಗರಿಷ್ಠ 1819 ಅಡಿ. 1791 ಇರಬೇಕಾದಲ್ಲಿ 1719 ಎಂದು ಬಿದ್ದರೆ ಸಾಗರ, ಹೊಸನಗರದಿಂದ ಸಾಲುಸಾಲು ಫೋನ್. ಶರಾವತಿಯ ಹಿನ್ನೀರಿನ ದಡದಲ್ಲಿ ಬದುಕುವವರಿಗೆ ಅದು ಬರೀ ಅಂಕಿ ಅಲ್ಲ. ಅಡಿಕೆ ಧಾರಣೆಯೂ ಹಾಗೇ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯಲ್ಲಿ ಬಗೆಗಳಿವೆ, ಒಂದೊಂದಕ್ಕೂ ಕನಿಷ್ಠ, ಗರಿಷ್ಠ ಎಂದು ಎರಡೆರಡು ಅಂಕಣ. ಬೆಟ್ಟೆಯ ದರ ರಾಶಿಯ ಸಾಲಿಗೆ ಜಾರಿದರೆ, ಅದನ್ನು ನೋಡಿ ಚೀಲ ಕಟ್ಟಿ ಮಂಡಿಗೆ ತಂದವರ ಬಾಡಿಗೆ ದುಡ್ಡು ಹೋಯಿತು. ಅವರು ಫೋನಿನಲ್ಲಿ ಕೂಗಾಡಿದರೆ ಅದನ್ನು ಕೂಗಾಟ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಲೆಕ್ಕ ಕೇಳುತ್ತಿದ್ದಾರೆ, ಅಷ್ಟೇ.

ಸಮಾರಂಭದ ಸುದ್ದಿಯಲ್ಲಿ ಹೆಸರು ಬಿಟ್ಟುಹೋದವರ ಕರೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದಿನವೂ ಬರುತ್ತವೆ, ಸಮಾಧಾನವಾಗಿ ಕೇಳಿದರೆ ಎರಡು ನಿಮಿಷದಲ್ಲಿ ಮುಗಿಯುತ್ತವೆ.

"ನಿಮ್ಮ ಮೇಲೆ ಕೇಸ್ ಹಾಕ್ತೀನಿ, ಪ್ರೆಸ್ ಕೌನ್ಸಿಲ್ಲಿಗೆ ಹೋಗ್ತೀನಿ" ಎನ್ನುವವರಿಗೆ ನಾನು ದಾರಿಯನ್ನೇ ಹೇಳಿಕೊಡುತ್ತೇನೆ. ಫೋನಿನ ಕೆಳಗೆ ಗಾಜಿನಡಿ ಒಂದು ಹಾಳೆ ಇಟ್ಟಿದ್ದೇನೆ. ಮೊದಲು ಸಂಪಾದಕರಿಗೆ ಬರಹದಲ್ಲಿ ದೂರು ಕೊಡಬೇಕು. ಸಂಪಾದಕರ ಹೆಸರು ಪತ್ರಿಕೆಯಲ್ಲಿ ಮುದ್ರಕರು, ಪ್ರಕಾಶಕರ ಹೆಸರು ಅಚ್ಚಾಗುವ ಇಂಪ್ರಿಂಟ್ ಸಾಲಿನಲ್ಲೇ ಇರುತ್ತದೆ. ಉತ್ತರ ಬರದಿದ್ದರೆ, ಇಲ್ಲವೇ ಉತ್ತರ ಒಪ್ಪಿಗೆಯಾಗದಿದ್ದರೆ ದೆಹಲಿಯ ಲೋಧಿ ರಸ್ತೆಯ ಸೂಚನಾ ಭವನದಲ್ಲಿರುವ ಪತ್ರಿಕಾ ಮಂಡಳಿಗೆ ಬರೆಯಬಹುದು. ದಿನಪತ್ರಿಕೆಯಾದರೆ ಸುದ್ದಿ ಬಂದ ಎರಡು ತಿಂಗಳೊಳಗೆ ಕಳಿಸಬೇಕು. ಸುದ್ದಿಯ ಕಟಿಂಗ್, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಇರಬೇಕು. ಅದೇ ವಿಷಯ ಕೋರ್ಟಿನಲ್ಲಿ ಇರಬಾರದು. ಶುಲ್ಕವಿಲ್ಲ. ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ದಂಡ ಹಾಕುವ ಅಧಿಕಾರ ಮಾತ್ರ 1978ರ ಪತ್ರಿಕಾ ಮಂಡಳಿ ಕಾಯ್ದೆಯಲ್ಲಿ ಅದಕ್ಕೆ ಇಲ್ಲ. ಇಷ್ಟನ್ನು ತಾಳ್ಮೆಯಿಂದ ಓದಿ ಹೇಳಿದರೆ ಜನರಿಗೆ ನಮ್ಮ ಮೇಲಿನ ನಂಬಿಕೆ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ. ದೂರು ಕೊಡುವುದು ಓದುಗರ ಹಕ್ಕು. ಅದನ್ನು ಮುಚ್ಚಿಟ್ಟುಕೊಂಡು ನಾವು ಬೇರೆಯವರ ಹಕ್ಕಿನ ಬಗ್ಗೆ ಪುಟ ತುಂಬಿಸುವುದು ಸರಿಯಲ್ಲ.

ಈ ಕಾಲಕ್ಕೆ ಲ್ಯಾಂಡ್‌ಲೈನ್ ಯಾಕೆ, ದೂರಿಗೆ ಒಂದು ವಾಟ್ಸಾಪ್ ನಂಬರ್ ಕೊಟ್ಟರೆ ಸಾಲದಾ ಎಂದು ನಮ್ಮಲ್ಲೇ ಹುಡುಗರು ಕೇಳುತ್ತಾರೆ. ಸಾಲದು. ವಾಟ್ಸಾಪ್ ಇದೆ, ಅದರಲ್ಲಿ ಫೋಟೋ ಬರುತ್ತದೆ, ಪ್ರೆಸ್ ನೋಟ್ ಬರುತ್ತದೆ, ಅನುಕೂಲವೇ. ಆದರೆ ಪತ್ರಿಕೆ ತರಿಸುವ ಮನೆಗಳಲ್ಲಿ ವಯಸ್ಸಾದವರು ಜಾಸ್ತಿ. ಅವರಿಗೆ ಟೈಪ್ ಮಾಡುವುದಕ್ಕಿಂತ ಮಾತಾಡುವುದು ಸುಲಭ. ಇಂಗ್ಲಿಷಿಗೆ ಒಂದು ಒತ್ತಿ, ಕನ್ನಡಕ್ಕೆ ಎರಡು ಒತ್ತಿ ಎನ್ನುವ ಯಂತ್ರದ ದನಿಯಂತೂ ಊರಿನ ಪತ್ರಿಕೆಗೆ ಬೇಡವೇ ಬೇಡ. ಇನ್ನೊಂದು ಕಾರಣವೂ ಇದೆ. ಕಚೇರಿಯ ಫೋನ್ ಸರಿಯಾಗಿ ಎತ್ತದಿದ್ದರೆ ಜನ ವರದಿಗಾರರ ಸ್ವಂತ ಮೊಬೈಲಿಗೆ ಮಾಡುತ್ತಾರೆ. ಊಟದ ಹೊತ್ತು, ಮಕ್ಕಳ ಪರೀಕ್ಷೆಯ ಹೊತ್ತು, ನಡುರಾತ್ರಿ ಎಂದಿಲ್ಲ. ಡೆಸ್ಕಿನ ಫೋನ್ ಆ ಭಾರವನ್ನು ತಾನು ಹೊರುತ್ತದೆ.

ಬಳಸುವವರಿಗೆ ಒಂದಿಷ್ಟು ತಾಂತ್ರಿಕ ಮಾತು. ಪರದೆಯಲ್ಲಿ ನಂಬರ್ ಬರಬೇಕಾದರೆ ಲೈನಿಗೆ ಕಾಲರ್ ಐಡಿ ಸೌಲಭ್ಯ ಹಾಕಿಸಿರಬೇಕು. ಫೋನ್ ತಂದು ಸಿಕ್ಕಿಸಿದ ಮಾತ್ರಕ್ಕೆ ಬರುವುದಿಲ್ಲ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ 2021ರ ಜನವರಿ 15ರಿಂದ ನಂಬರಿನ ಮುಂದೆ ಸೊನ್ನೆ ಸೇರಿಸಬೇಕು. ನಮ್ಮ ಫೋನಿನ ಪಟ್ಟಿಯಲ್ಲಿ ನಂಬರ್ ಸೊನ್ನೆ ಇಲ್ಲದೆ ಬೀಳುತ್ತದೆ. ಹಾಗಾಗಿ ಪಟ್ಟಿಯಿಂದ ನೇರವಾಗಿ ವಾಪಸ್ ಡಯಲ್ ಮಾಡಿದರೆ ಹೋಗುವುದಿಲ್ಲ, ನೋಡಿಕೊಂಡು ಕೈಯಲ್ಲೇ ಒತ್ತಬೇಕು. ಪರದೆಗೆ ಸಣ್ಣ ಪೆನ್ಸಿಲ್ ಸೆಲ್‌ಗಳು ಬೇಕು. ಸೆಲ್ ಇಳಿದರೆ ಅಕ್ಷರ ಮಸುಕಾಗುತ್ತದೆ, 3 ಯಾವುದು 8 ಯಾವುದು ತಿಳಿಯುವುದಿಲ್ಲ. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಊರಿಗೆಲ್ಲ ಕರೆಂಟ್ ಹೋದರೂ ಫೋನ್ ಹೊಡೆಯುತ್ತಿತ್ತು. ಈಗ ಫೈಬರ್ ಲೈನಿನಲ್ಲಿ ಫೋನ್ ಮೋಡೆಮ್ಮಿಗೆ ಸೇರಿರುತ್ತದೆ. ಮೋಡೆಮ್ ಸತ್ತರೆ ಫೋನೂ ಸತ್ತಂತೆ. ಮಲೆನಾಡಿನ ಮಳೆಗಾಲದಲ್ಲಿ, ಮರ ಬಿದ್ದು ಕರೆಂಟ್ ಹೋದ ದಿನವೇ ಜನ ಪತ್ರಿಕೆಗೆ ಜಾಸ್ತಿ ಫೋನ್ ಮಾಡುವುದು. ಮೋಡೆಮ್ಮನ್ನು, ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್‌ಗೆ ಸೇರಿಸಲೇಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಪಟ್ಟಿಗೆ ಬೀಗವಿಲ್ಲದ್ದಕ್ಕೆ, ಹೋಲ್ಡ್ ಸಂಗೀತಕ್ಕೆ ಸೇರಿಸಿ ಒಂದು ಕಳೆದಿದ್ದೇನೆ. ಸಣ್ಣ ಪತ್ರಿಕೆಗಳ ಮಾಲೀಕರು ದಯವಿಟ್ಟು ಇಂಥದೊಂದು ಕೊಳ್ಳಿ. ಕೊಳ್ಳುವಾಗ ಅಂಗಡಿಯಲ್ಲೇ ಲೈನಿಗೆ ಹಾಕಿಸಿ ರಿಸೀವರಿನ ದನಿ ಕೇಳಿ. ಪರದೆಯ ಅಕ್ಷರ ಟ್ಯೂಬ್‌ಲೈಟಿನ ಕೆಳಗೆ ಓದಲು ಬರುತ್ತದಾ ನೋಡಿ. ಸುರುಳಿ ತಂತಿ ಉದ್ದದ್ದೇ ಇರಲಿ, ಮಾತಾಡುತ್ತಲೇ ಹಿಂದಿನ ದಿನದ ಪತ್ರಿಕೆಯ ಫೈಲ್ ಎಳೆದುಕೊಳ್ಳುವಷ್ಟು. ಮತ್ತೆ, ಆ ಫೋನ್ ಎತ್ತಲು ಕೂರಿಸುವವರಿಗೆ ತಪ್ಪು ತಿದ್ದಿಸುವ ಅಧಿಕಾರವನ್ನೂ ಕೊಡಿ. "ಸಾರ್ ಬರಲಿ, ಕೇಳಿ ಹೇಳ್ತೀನಿ" ಎನ್ನುವವರನ್ನು ಕೂರಿಸಿದರೆ ಎಷ್ಟು ಒಳ್ಳೆಯ ಫೋನ್ ತಂದರೂ ಪ್ರಯೋಜನವಿಲ್ಲ.